ಎರಡು ಬಾಗಿಲು

ಮೊದಲನೇ ಬಾಗಿಲು ಮುಚ್ಚೂತನಕ ಎರಡನೇದು ತೆಗೀಬಾರದು.
ನಡುವ ನಾಲ್ಕು ಹೆಜ್ಜಿ ಕತ್ತಲಿ.
ಬದನಿಕಾಯಿ ಬಣ್ಣದ ನೀರಾಗ ಕಾಲು ಅದ್ದಿ ಒಳಗ ಬರಬೇಕು.
ಮೂರು ವರ್ಷಾತು, ನನ್ನ ಹಿಮ್ಮಡಿ
ಇನ್ನೂ ತನ್ನ ಬಣ್ಣಕ್ಕ ತಿರುಗಿಲ್ಲ.

ಹೊರಗ ಮಾವಳದ ಮಳಿ. ಪವನಾ ಧರಣದ ಕಡಿಂದ
ಅಡ್ಡಡ್ಡ ಬರ್ತದ,
ಪ್ಲಾಸ್ಟಿಕ್ಕಿನ ಮ್ಯಾಲ ಜ್ವಾಳ ಸುರುವಿದಂಗ.
ಒಳಗ ಒಂದು ಹನಿ ಬೀಳಂಗಿಲ್ಲ.
ನೀರು ಇಲ್ಲೆ ಕೊಳವ್ಯಾಗ ಬರ್ತದ, ಎಣಿಸಿಕೊಂಡು,
ಕೂಸಿಗೆ ಒಳಲ್ಯಾಗ ಹಾಲು ಹನಿಸಿದಂಗ.

ಶೆಲಾರ ಮಾಲಕ ನನಗ ಕೊಟ್ಟ ಕೆಲಸ ಎರಡು.
ಬಳ್ಳಿ ದಾರಕ್ಕ ಸುತ್ತೂದು, ಬಲಕ್ಕ, ಯಾವತ್ತೂ ಬಲಕ್ಕ.
ಹರದದ್ದು ಕಂಡಲ್ಲೆ ಟೇಪ್ ಹಚ್ಚೂದು.
ನಮ್ಮವ್ವ ಎಲಿ ಅಡಿಕಿ ಸಂಚಿ ಸಿಗಿಸ್ತಿದ್ದ ಜಾಗದಾಗ
ನನ್ನ ನಡಕ್ಕ ಟೇಪಿನ ಉಂಡಿ.

ಈ ಸೌತಿಗೆ ಅಪ್ಪ ಬೇಕಾಗಿಲ್ಲ.
ಹೂವಿನ ಹಿಂದ ಆಗಲೇ ಕಾಯಿ, ಕಿರುಬೆರಳಿನಷ್ಟು.
ಯಾರೂ ಮುಟ್ಟದನ ಬೆಳೀತದ, ನೆಟ್ಟಗ, ಬೀಜ ಇಲ್ಲದ.
ಮುಂಬೈ ಹೋಟೆಲಿನವರಿಗೆ
ಎಲ್ಲಾವೂ ಒಂದ ಹೊಟ್ಟ್ಯಾಗ ಹುಟ್ಟಿದಂಗ ಕಾಣಬೇಕಂತ.
"ಗುರುಬಾಯಿ, ಒಂದ ಒಂದು ಜೇನು ಬಂದ್ರೂ
ಮಾಲು ಸೊಟ್ಟ" ಅಂತಾನ ಮಾಲಕ,
ಯಾರದೋ ಸೊಸಿ ಸುದ್ದಿ ಹೇಳಿದಂಗ
ದನಿ ತಗ್ಗಿಸಿ.

ಮಂಗಳವಾರ ಬಂತದು.
ಅವತ್ತು ಮಳಿ ಹೊಳವಾಗಿತ್ತು.
ಆರನೇ ಸಾಲಿನ ಮ್ಯಾಲೆ, ಗಾಳಿಕಿಂಡಿ ಹತ್ತಿರ
ಬೆರಳು ತೂರೂವಷ್ಟು ಹರದಿತ್ತು. ನೋಡಿದೆ.
ಟೇಪು ನಡದಾಗ ಇತ್ತು. ಏಣಿ ಕೈಯಳತ್ಯಾಗ ಇತ್ತು.
ಬಳ್ಳಿ ಸುತ್ತಿದೆ, ಬಲಕ್ಕ.

ಯಾಕಂತ ಕೇಳಬ್ಯಾಡ್ರಿ.
ಇಷ್ಟು ದಿನ ಈ ಪ್ಲಾಸ್ಟಿಕ್ಕಿನ ಹೊಟ್ಟ್ಯಾಗ
ಪಂಪಿನ ಸಪ್ಪಳ ಬಿಟ್ಟರ
ನನ್ನ ಉಸಿರು ನನಗ ಕೇಳ್ತಿತ್ತು, ಅಷ್ಟ.

ಹೊರಗ ಯಾರ ಬದುವಿನ ಮ್ಯಾಲ ಸೌತಿಬಳ್ಳಿ ಇತ್ತೋ,
ಕಾಲಿಗೆ ಅರಿಷಿಣ ಬಡಕೊಂಡು ಬರ್ತಿತ್ತು.
ಬಿಸಲು ಬಿದ್ದ ದಿನ ಎಂಟು ಹೊಡಿಯೂದಕ್ಕ ಹಾಜರಿ.
ಹೂವಿಂದ ಹೂವಿಗೆ ಹೋಗೂವಾಗ
ಸಾಲಿನ ನಂಬರ ನೋಡ್ತಿದ್ದಿಲ್ಲ.
ನಡುನಡುವ ತೂಗಹಾಕಿದ ಹಳದಿ ಅಂಟಿನ ಹಾಳಿ,
ನುಸಿ, ಬಿಳಿನೊಣ ಸಾಯೂ ಜಾಗ.
ಅದರ ಮುಂದ ಹಾರಿದಾಗೆಲ್ಲಾ ನನ್ನ ಕೈ ನಿಲ್ತಿತ್ತು.

ಹತ್ತು ದಿನಕ್ಕ ಗೊತ್ತಾತು.
ಆರನೇ ಸಾಲಿನಾಗ ಹತ್ತೊಂಬತ್ತು ಕಾಯಿ
ಕುಡಗೋಲಿನಂಗ ಬಾಗಿ, ಬುಡದಾಗ ಉಬ್ಬಿ.
ಶೆಲಾರ ಒಂದನ್ನ ಉದ್ದಕ್ಕ ಸೀಳಿ ನನ್ನ ಮಾರಿ ಮುಂದ ಹಿಡದ.
ಬೀಜ. ಸಾಲಾಗಿ, ಹಸೀ ಹಲ್ಲಿನಂಗ.
ಒಗದುಬಿಟ್ಟ.
ಅವನು ಕ್ರೇಟಿನ ಕಡೆ ತಿರುಗಿದಾಗ
ಆರಿಸಿ, ಸೆರಗಿಗೆ ಒರಸಿ ತಿಂದೆ.
ತೊಟ್ಟಿನ ಕಡೆ ಸಣ್ಣ ಕಹಿ ಇತ್ತು.
ಎಷ್ಟು ವರ್ಷಾಗಿತ್ತು, ಕಹಿ ಇರೋ ಸೌತಿ ತಿಂದು.

ಏಣಿ ಅವನ ಹಿಡದ. ನಾ ಹತ್ತಿದೆ.
ಮೂರು ಪಟ್ಟಿ ಟೇಪು, ಹೆಬ್ಬೆರಳಿಂದ ತಿಕ್ಕಿ ತಿಕ್ಕಿ.
"ಬರೋಬರ್" ಅಂದ ಕೆಳಗಿಂದ.
ಜೇನು ಒಳಗ ಉಳದಿತ್ತು.

ಐದಕ್ಕ ಎಲ್ಲಾರೂ ಹೋದರು.
ಬೆಳಕು ಹಾಲಿನಂಗ ಕೆಟ್ಟು ಒಡಕೊಳ್ತಿತ್ತು.
ಅದು ಟೇಪಿನ ಜಾಗಕ್ಕ ಹೋಗಿ ಹೋಗಿ ಬಡಕೊಳ್ತದ,
ಕೀಲಿ ಬದಲಾದ ಮನಿ ಮುಂದ ನಿಂತವರಂಗ.

ಒಳಗಿನ ಬಾಗಿಲು ತೆಗದು ಕಲ್ಲು ಇಟ್ಟೆ.
ಹೊರಗಿನದೂ ತೆಗದೆ.
ಮೂರು ವರ್ಷದಾಗ ಮೊದಲ ಸಲ
ಆ ನಾಲ್ಕು ಹೆಜ್ಜಿಗೆ ಬೆಳಕು ಬಿತ್ತು.
ಗ್ವಾಡಿ ಮ್ಯಾಲೆ ಯಾರದೋ ಹಳೇ ಕೈಗುರುತು ಇತ್ತು,
ಬದನಿಕಾಯಿ ಬಣ್ಣದ್ದು.

ಬಾಜೂಕ ಸರದು ನಿಂತೆ.
ಅದು ಹೋತೋ, ಅದರ ಬಳಗ ಒಳಗ ಬಂತೋ,
ಕತ್ತಲ್ಯಾಗ ಕಾಣಲಿಲ್ಲ.
ಮಳಿ ಮಾತ್ರ ಬಂತು,
ನಾಲ್ಕು ಹೆಜ್ಜಿ.